ಬೆಟ್ಟದ ಪಾದದಲ್ಲಿ ಕಾಯುವವರಿಗೂ ಒಂದು ನೆರಳಿರಲಿ

ಮಾನ್ಯ ಸಂಪಾದಕರೇ,

ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ನಿರ್ಬಂಧಿಸಿ, ಲಲಿತಮಹಲ್ ಹೆಲಿಪ್ಯಾಡ್ ಮೈದಾನದಿಂದ ಬಸ್ಸುಗಳನ್ನು ಓಡಿಸುವುದರಿಂದ ಮೇಲೆ ದರ್ಶನಕ್ಕೆ ಹೋಗುವವರಿಗೆ ಅನುಕೂಲವಾಗಿದೆ. ಆದರೆ ಮೆಟ್ಟಿಲುಗಳ ಬುಡದಲ್ಲಿ, ಮೈಸೂರಿನವರು ‘ಪಾದ’ ಎಂದು ಕರೆಯುವ ಜಾಗದಲ್ಲಿ, ಹತ್ತಲಾಗದೆ ಕೆಳಗೇ ಉಳಿಯುವವರನ್ನು ಯಾರೂ ನೆನೆದಂತಿಲ್ಲ.

ಮದುವೆಯಾದ ಮೊದಲ ಆಷಾಢಕ್ಕೆ ತವರಿಗೆ ಬಂದಿದ್ದ ನನ್ನ ಮಗಳು ಕಳೆದ ವರ್ಷ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆ ಹೊತ್ತಿದ್ದಳು. ಆ ಶುಕ್ರವಾರ ಬೆಳಗಾಗುವ ಮುನ್ನವೇ ದೇವರಾಜ ಮಾರುಕಟ್ಟೆಯಿಂದ ಎರಡು ಮಾರು ಮಲ್ಲಿಗೆಯನ್ನೂ ಕುಂಕುಮದ ಪೊಟ್ಟಣಗಳನ್ನೂ ತಂದು, ಅವಳನ್ನೂ ನನ್ನ ತಾಯಿಯವರನ್ನೂ ಪಾದಕ್ಕೆ ಬಿಟ್ಟು, ತಾಯಿಯವರ ರಕ್ತದೊತ್ತಡದ ಮಾತ್ರೆ ತರುವುದಕ್ಕೂ ಚಾಮರಾಜನಗರದ ರೈಲಿನಲ್ಲಿ ಬರಲಿದ್ದ ಅಕ್ಕನನ್ನು ಕರೆತರುವುದಕ್ಕೂ ನಾನು ಊರೊಳಗೆ ಓಡಾಡಬೇಕಾಯಿತು. ಬೆಟ್ಟದ ಕೆಳಗೆ ವಾಸಿಸುವ ನಮಗೆ ಹಬ್ಬದ ದಿನವೂ ಮನೆಗೆಲಸದ ದಿನವೇ ಆಗಿರುತ್ತದೆ.

ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಈ ಮೆಟ್ಟಿಲುಗಳು ಸುಮಾರು 1,000ದಷ್ಟಿವೆ. ಒಂದೊಂದಕ್ಕೂ ಬಗ್ಗಿ, ಅರಿಶಿನ ಕುಂಕುಮವಿಟ್ಟು, ಮತ್ತೆ ಎದ್ದು ಮುಂದಿನದಕ್ಕೆ ಕಾಲಿಡುವವರು ದೊಡ್ಡ ನಂದಿಯನ್ನು ಮುಟ್ಟುವ ಹೊತ್ತಿಗೇ ಗಂಟೆಗಟ್ಟಲೆ ಕಳೆದಿರುತ್ತದೆ. ಅಷ್ಟೂ ಹೊತ್ತು ಕೆಳಗೆ ಕಾಯುವವರು ಬಹುತೇಕ ವಯಸ್ಸಾದವರು, ಮಂಡಿನೋವಿನವರು, ಕೈಗೂಸಿನ ತಾಯಂದಿರು. ನಾನು ಅಕ್ಕನೊಂದಿಗೆ ಹಿಂತಿರುಗಿದಾಗ ತುಂತುರು ಮಳೆ ಹಿಡಿದಿತ್ತು. ಮರದಡಿಯ ಜಾಗವನ್ನೆಲ್ಲ ದ್ವಿಚಕ್ರ ವಾಹನಗಳು ತುಂಬಿದ್ದವು. ನನ್ನ ತಾಯಿ ರಸ್ತೆಯಂಚಿನ ಕಲ್ಲಿನ ಮೇಲೆ ಸೆರಗು ಹೊದ್ದು ಕುಳಿತಿದ್ದರು; ಬರಿಗಾಲಿನಲ್ಲಿ ಹತ್ತಿದ ಮಗಳ ಚಪ್ಪಲಿಯ ಜೊತೆಗೆ ಪರಿಚಯವೇ ಇಲ್ಲದ ಇನ್ನಿಬ್ಬರು ಹೆಣ್ಣುಮಕ್ಕಳ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದರು. ಬೆಳಗಿನಿಂದ ಶೌಚಾಲಯಕ್ಕೆ ಹೋಗಲಾಗದೆ ಅವರು ನೀರನ್ನೇ ಕುಡಿದಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ತಿಳಿದಾಗ ನನಗೆ ಬಹಳ ಸಂಕಟವಾಯಿತು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಆಷಾಢದ ಶುಕ್ರವಾರಗಳಲ್ಲಿ ಮತ್ತು ಅಮ್ಮನವರ ವರ್ಧಂತಿಯಂದು ಪಾದದ ಬಳಿ ಒಂದು ಶಾಮಿಯಾನ, ಕೆಲವು ಬೆಂಚುಗಳು, ಕುಡಿಯುವ ನೀರು ಹಾಗೂ ಮಹಿಳೆಯರಿಗೆ ತಾತ್ಕಾಲಿಕ ಶೌಚಾಲಯವಿದ್ದರೆ ಸಾಕು. ಮರದಡಿಯಲ್ಲಿ ವಾಹನ ನಿಲ್ಲಿಸದಂತೆ ಹಗ್ಗ ಕಟ್ಟಿದರೂ ಎಷ್ಟೋ ಉಪಕಾರ. ಮುಂದಿನ ಆಷಾಢಕ್ಕೆ ಮುನ್ನವೇ ಸಂಬಂಧಪಟ್ಟವರು ಇಷ್ಟನ್ನು ಮಾಡಿಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಇಟ್ಟಿಗೆಗೂಡು, ಮೈಸೂರು