ಬ್ಯಾನರಿಗೆ ಹಗ್ಗ ಸಾಲದಿದ್ದರೆ ಕೇಳಿ, ಆಂಟೆನಾ ಕತ್ತರಿಸಬೇಡಿ: ವಿಪತ್ತು ನಿರ್ವಹಣಾ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ವಿಪತ್ತಿನ ಹೊತ್ತಿನ ಹವ್ಯಾಸಿ ರೇಡಿಯೊ ಸೇವೆಯ ವಿಷಯವಾಗಿ ತಮಗೆ ನಾನು ಬರೆಯುತ್ತಿರುವ ಐದನೆಯ ಪತ್ರ ಇದು. ಮೊದಲ ನಾಲ್ಕು ತಮ್ಮ ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡು ಒಳಗೆ ಹೋದವು, ಹೊರಗೆ ಬರಲಿಲ್ಲ. ಎರಡನೆಯದಕ್ಕೆ ಮಾತ್ರ ‘ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಶಾಖೆಗೆ ರವಾನಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಆ ಸಂಬಂಧಪಟ್ಟ ಶಾಖೆ ಯಾವುದೆಂದು ಕೇಳಿ ಮೂರನೆಯ ಪತ್ರ ಬರೆದೆ. ಅದನ್ನೂ ಸಂಬಂಧಪಟ್ಟ ಶಾಖೆಗೇ ಕಳಿಸಿರಬೇಕು. ಹಾಗಾಗಿ ಈ ಸಲ ಲಕೋಟೆ ಅಂಟಿಸದೆ, ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ.

ನಾನೊಬ್ಬ ಹ್ಯಾಮ್. ಪರೀಕ್ಷೆ ಬರೆದು, ಪರವಾನಗಿ ಪಡೆದು, ಸ್ವಂತ ರೇಡಿಯೊ ಕೇಂದ್ರ ಇಟ್ಟುಕೊಂಡ ಹವ್ಯಾಸಿ. ಮೋರ್ಸ್ ಕಲಿತದ್ದು ಮೀಸೆ ಮೂಡುವ ವಯಸ್ಸಿನಲ್ಲಿ, ಈಗ ಮೀಸೆ ಬೆಳ್ಳಗಾಗಿದೆ. ನಮ್ಮ ತಂಡದಲ್ಲಿ ಐದು ಜನ ಇದ್ದೇವೆ. ಮಳೆಗಾಲಕ್ಕೆ ಮುಂಚೆ ಬ್ಯಾಟರಿ ಚಾರ್ಜ್ ಮಾಡಿ, ಕೇಬಲ್ ತಪಾಸಣೆ ಮಾಡಿ, ಕರೆದರೆ ಹೊರಡಲು ಸಿದ್ಧವಾಗಿರುತ್ತೇವೆ. ಕೇಳುತ್ತಿರುವುದು ಎರಡೇ: ಕಂಟ್ರೋಲ್ ರೂಮಿನ ಗೇಟು ದಾಟಲು ಒಂದು ಗುರುತಿನ ಚೀಟಿ, ಅದರ ಛಾವಣಿಯ ಮೇಲೆ ಯಾರೂ ಮುಟ್ಟದ ಒಂದು ಆಂಟೆನಾ. ಆಂಟೆನಾ ನಾವೇ ತರುತ್ತೇವೆ. ಕಟ್ಟುವುದೂ ನಾವೇ. ಹವ್ಯಾಸಿ ಸೇವೆಯಲ್ಲಿ ಹಣದ ಲಾಭಕ್ಕೆ ಜಾಗವಿಲ್ಲ ಎಂದು ಅಂತರರಾಷ್ಟ್ರೀಯ ವ್ಯಾಖ್ಯಾನವೇ ಹೇಳುತ್ತದೆ, ಹಾಗಾಗಿ ಸಂಬಳ ಕೇಳುತ್ತೇವೆಂಬ ಭಯ ತಮಗೆ ಬೇಡ.

ನಿಯಮಗಳನ್ನು ತಮಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯ 25ನೆಯ ವಿಧಿ ತಮಗೆ ಗೊತ್ತೇ ಇದೆ. 2003ರ ಜಾಗತಿಕ ರೇಡಿಯೊ ಸಮ್ಮೇಳನದಲ್ಲಿ ಅದನ್ನು ತಿದ್ದಿದಾಗ, ವಿಪತ್ತು ಪರಿಹಾರದ ಸಂಪರ್ಕಕ್ಕೆ ಹವ್ಯಾಸಿ ಕೇಂದ್ರಗಳು ‘ಸಿದ್ಧವಾಗಲು’ ಆಡಳಿತಗಳು ಅನುವು ಮಾಡಿಕೊಡಲಿ ಎಂದು ಸೇರಿಸಿದರು. ಸಿದ್ಧವಾಗಲು ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನೀರು ಮೊಣಕಾಲಿಗೆ ಬಂದ ಮೇಲೆ ಛಾವಣಿ ಹತ್ತುವುದನ್ನು ಸಿದ್ಧತೆ ಎನ್ನುವುದಿಲ್ಲ. ಹೋದ ಮಳೆಗಾಲದಲ್ಲಿ ನಾನು ಮಾಡಿದ್ದು ಅದನ್ನೇ.

ಆ ಮೂರು ದಿನ ತಮಗೂ ನೆನಪಿರಬೇಕು. ಮೊದಲ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕತ್ತಲಾಗುವ ಹೊತ್ತಿಗೆ ಮೊಬೈಲ್ ಟವರುಗಳ ಬ್ಯಾಟರಿ ಮುಗಿದು ಒಂದೊಂದೇ ಕಣ್ಣು ಮುಚ್ಚಿದವು. ಸೇತುವೆ ಕೊಚ್ಚಿಹೋದಾಗ ಅದರ ಪಕ್ಕಕ್ಕೆ ಅಂಟಿಕೊಂಡಿದ್ದ ಫೈಬರ್ ಕೇಬಲ್ಲೂ ಹೋಯಿತು. ನಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ, ಗುಡ್ಡದ ಮೇಲಿದ್ದ ನಮ್ಮ ರಿಪೀಟರೂ ರಾತ್ರಿ ಒಂಬತ್ತಕ್ಕೆ ಸುಮ್ಮನಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಬಳಿ ಇನ್ನೊಂದು ದಾರಿ ಇತ್ತು. 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಉದ್ದದ ತಂತಿಯನ್ನು ಎರಡಾಳೆತ್ತರದಲ್ಲಿ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಅಯಾನುಗೋಳವೆಂಬ ಪದರಕ್ಕೆ ತಾಗಿ, ಸುತ್ತಲಿನ ನೂರಾರು ಕಿಲೋಮೀಟರಿನ ಮೇಲೆ ಮಳೆಯ ಹಾಗೆ ಇಳಿಯುತ್ತದೆ. ನಡುವೆ ಗುಡ್ಡವಿದ್ದರೇನು, ಕಣಿವೆಯಿದ್ದರೇನು, ಅದಕ್ಕೆ ಲೆಕ್ಕವಿಲ್ಲ. ರಾತ್ರಿ ಆ ಬ್ಯಾಂಡು ಕೈಕೊಟ್ಟರೆ 3.5 ಮೆಗಾಹರ್ಟ್ಸ್‌ಗೆ ಇಳಿಯುತ್ತೇವೆ. ಟವರು ಬೇಡ, ಕಾರಿನ 12 ವೋಲ್ಟ್ ಬ್ಯಾಟರಿ ಸಾಕು. ಆಂಟೆನಾ ಆಂಟೆನಾ ಎಂದು ನಾನು ಇಷ್ಟು ಗೋಗರೆಯುವುದು ಈ ತಂತಿಗಾಗಿ.

ಇಬ್ಬರು ಪರಿಹಾರ ಶಿಬಿರಗಳಿಗೆ ಹೊರಟರು. ಒಬ್ಬರು ಎತ್ತರದಲ್ಲಿದ್ದ ಮನೆಯಿಂದಲೇ ರಿಲೇ, ಅಂದರೆ ಒಬ್ಬರ ಸಂದೇಶ ಇನ್ನೊಬ್ಬರಿಗೆ ದಾಟಿಸುವ ಕೆಲಸ; ಇನ್ನೊಬ್ಬರು ದೂರದಿಂದ ನೆಟ್ ಕಂಟ್ರೋಲ್, ಅಂದರೆ ಎಲ್ಲರೂ ಒಂದೇ ತರಂಗಾಂತರದಲ್ಲಿ ಸೇರುವ ನಮ್ಮ ನೆಟ್‌ನಲ್ಲಿ ಯಾರ ಸರದಿ ಎಂದು ನಡೆಸುವವರು. ನನ್ನ ಪಾಲಿಗೆ ಕಂಟ್ರೋಲ್ ರೂಮು ಬಂತು. ಬೆನ್ನಿಗೆ ರೇಡಿಯೊ, ಕೈಯಲ್ಲಿ ಬ್ಯಾಟರಿ, ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ಗೇಟಿಗೆ ಬಂದೆ.

‘ಪಾಸ್ ಎಲ್ಲಿ?’

ಪರವಾನಗಿ ತೋರಿಸಿದೆ. ಇದಲ್ಲ, ಒಳಗೆ ಬಿಡಿ ಅಂತ ಸಾಹೇಬರ ಕಾಗದ ಬೇಕು ಎಂದರು. ಸಾಹೇಬರನ್ನು ಕೇಳಿ ಎಂದೆ. ಫೋನು ಹೋಗುತ್ತಿಲ್ಲ ಎಂದರು. ಅದಕ್ಕೇ ಬಂದಿದ್ದೇನೆ ಎಂದೆ. ಹಾಗಾದರೆ ಇ-ಮೇಲ್‌ನಲ್ಲಿ ಅನುಮತಿ ತರಿಸಿಕೊಳ್ಳಿ ಎಂದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಇಡೀ ಸೀಮೆಯಲ್ಲಿ ಒಂದು ಮಿಸ್ಡ್ ಕಾಲ್ ಕೂಡ ಹೋಗದ ರಾತ್ರಿಯಲ್ಲಿ ನನಗೆ ಸಿಕ್ಕ ಸಲಹೆ ಅದು. ಮಳೆಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ನಿಂತೆ. ಕೊನೆಗೆ ಯಾರೋ ಪುಣ್ಯಾತ್ಮರು, ಅವರ ಹುದ್ದೆ ಏನೆಂದು ನನಗೆ ಇವತ್ತಿಗೂ ತಿಳಿಯದು, ‘ಅದೇನೋ ಮಾತಾಡೋ ಡಬ್ಬ ತಂದಿದ್ದಾರಂತೆ, ಬಿಡ್ರೀ’ ಎಂದು ಒಳಗೆ ಕರೆದರು.

ಜಾಗ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ಪಕ್ಕದಲ್ಲಿ. ಗಾಳಿ ಮಳೆಯಲ್ಲಿ ಟಾರ್ಚನ್ನು ಹಲ್ಲಿಗೆ ಕಚ್ಚಿಕೊಂಡು ಛಾವಣಿ ಹತ್ತಿ, ನೀರಿನ ಟ್ಯಾಂಕಿನಿಂದ ದೀಪದ ಕಂಬದವರೆಗೆ ತಂತಿ ಎಳೆದೆ. ಜಾರಿ ಬಿದ್ದು ಮಣಿಕಟ್ಟು ಉಳುಕಿತು. ಹಗ್ಗ ಬಿಗಿಯುವಾಗ ಈಗಲೂ ನೋಯುತ್ತದೆ. ಅದೇ ಹೊತ್ತಿಗೆ ನಮ್ಮ ಮನೆಯೊಳಗೂ ನೀರು ಬಂದಿತ್ತು. ಹೆಂಡತಿ ಒಬ್ಬಳೇ ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸಿದಳು. ಊರಿನವರ ಸುದ್ದಿಯೆಲ್ಲ ನಿಮ್ಮ ಕಿವಿಗೆ ಬೀಳುತ್ತದೆ, ಮನೆಯದೊಂದು ಬಿಟ್ಟು ಎಂದು ಈಗಲೂ ಅನ್ನುತ್ತಾಳೆ. ಇದನ್ನೆಲ್ಲ ತಮಗೆ ಬರೆಯಬೇಕಿರಲಿಲ್ಲ. ಆದರೂ ಬರೆದೆ, ಇರಲಿ.

ಬೆಳಗಿನವರೆಗೆ 41 ಸಂದೇಶ ಸಾಗಿಸಿದೆವು. ಯಾರು ಯಾವ ಶಿಬಿರದಲ್ಲಿದ್ದಾರೆ, ಎಲ್ಲಿಗೆ ದೋಣಿ ಬೇಕು, ಎಲ್ಲಿ ಕುಡಿಯುವ ನೀರಿಲ್ಲ. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಓದಿ, ಔಷಧಿಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿ, ಆ ಕಡೆಯವರು ತಿರುಗಿ ಓದಿ ಒಪ್ಪಿಸಿದ ಮೇಲೆಯೇ ಮುಂದಿನದು. ಹಾಗೆ ಮಾಡದಿದ್ದರೆ ಹದಿನೈದು ಐವತ್ತಾಗುತ್ತದೆ.

ಇನ್ನು ನಾನು ಬರೆಯಲೇಬೇಕಾದ ವಿಷಯ. ಎರಡನೆಯ ದಿನ ಹನ್ನೊಂದರ ಹೊತ್ತಿಗೆ ದೊಡ್ಡವರೊಬ್ಬರು ಪರಿಶೀಲನೆಗೆ ಬರುವವರಿದ್ದರು. ಯಾರೆಂದು ತಮಗೆ ಗೊತ್ತು, ಅವರ ತಪ್ಪೇನೂ ಇಲ್ಲ. ಆಗ ನಾನು ನದಿಯಾಚೆಯ ಶಿಬಿರದಿಂದ ಔಷಧಿಯ ಪಟ್ಟಿ ಬರೆದುಕೊಳ್ಳುತ್ತಿದ್ದೆ. ಇನ್ಸುಲಿನ್ ಬೇಕಾದವರು ಏಳು ಜನ. ಡಯಾಲಿಸಿಸ್ ತಪ್ಪಿಹೋದ ಹಿರಿಯರೊಬ್ಬರು, ಅವರಿಗೆ ದೋಣಿ ಎಂಬಲ್ಲಿಗೆ ಬರುವಾಗ ರೇಡಿಯೊದ ಮೊರೆತ ಥಟ್ಟನೆ ಕುಗ್ಗಿತು. ಶಿಬಿರದ ಗೆಳೆಯನ ದನಿ ಬಾವಿಯೊಳಕ್ಕೆ ಬಿದ್ದಂತಾಯಿತು. ಉತ್ತರ ಕೊಡಲು ಮೈಕ್ ಒತ್ತಿದರೆ ಆಂಟೆನಾ ಸರಿಯಿದೆಯೇ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಆ ಕೊನೆಗೆ ಹೊಡೆಯಿತು. ಸಿಡಿಲು ಬಡಿದಿರಬೇಕು ಎಂದುಕೊಂಡು ಮೇಲೆ ಓಡಿದೆ.

ಛಾವಣಿಯ ಮೇಲೆ ಒಬ್ಬ ಹುಡುಗ ಕಟಿಂಗ್ ಪ್ಲೇಯರ್ ಹಿಡಿದು ನಿಂತಿದ್ದ. ನನ್ನ ಡೈಪೋಲಿನ, ಅಂದರೆ ಎರಡು ಕೈಯ ತಂತಿ ಆಂಟೆನಾದ, ಒಂದು ಕೈಯನ್ನು, ಹತ್ತಿರ ಹತ್ತಿರ 10 ಮೀಟರ್ ತಾಮ್ರದ ತಂತಿಯನ್ನು ಕತ್ತರಿಸಿ, ಅದರಿಂದ ‘ಸ್ವಾಗತ’ ಎಂಬ ಬ್ಯಾನರಿನ ಎರಡೂ ತುದಿ ಬಿಗಿದಿದ್ದ.

‘ಹಳೇ ಟೀವಿ ವೈರು ಅಂದ್ಕೊಂಡೆ ಸಾರ್’ ಎಂದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ತಂತಿ ಬಿಚ್ಚಲು ಕೈ ಹಾಕಿದೆ. ಅಷ್ಟರಲ್ಲಿ ಅವನ ಮೇಲಿನವರು ಓಡಿ ಬಂದು ನನ್ನ ಕೈ ಹಿಡಿದರು. ‘ಅವರು ಬಂದು ಹೋಗಲಿ, ಒಂದರ್ಧ ಗಂಟೆ ಅಡ್ಜಸ್ಟ್ ಮಾಡ್ಕೊಳ್ಳಿ.’ ಯಾರು ಅಡ್ಜಸ್ಟ್ ಮಾಡಿಕೊಳ್ಳಬೇಕು ಸ್ವಾಮಿ? ಡಯಾಲಿಸಿಸ್ ತಪ್ಪಿದವರ ಮೂತ್ರಪಿಂಡವೇ?

ಕೆಳಗೆ ಬಂದು, ಮೆಟ್ಟಿಲ ಹಿಂದೆ ಬಿದ್ದಿದ್ದ ಹಳೆಯ ವಿದ್ಯುತ್ ತಂತಿಯ ಸಿಪ್ಪೆ ಸುಲಿದು, ಅಳೆದು, ಮತ್ತೆ ಹತ್ತಿ ಕಟ್ಟುವಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಐವತ್ತು ನಿಮಿಷವೂ ಆ ಕಡೆಯವರು ನನ್ನ ಕೇಂದ್ರದ ಗುರುತಾದ ಕಾಲ್‌ಸೈನ್ ಕೂಗುತ್ತಲೇ ಇದ್ದರಂತೆ. ರಿಲೇ ಕೇಂದ್ರದವರು ಪಟ್ಟಿಯನ್ನು ಪೂರ್ತಿ ಬರೆದಿಟ್ಟುಕೊಂಡಿದ್ದರು, ಆದರೆ ದೋಣಿಗೆ ಆದೇಶ ಕೊಡುವವರು ಕೂತಿದ್ದದ್ದು ನನ್ನ ಪಕ್ಕದ ಕೋಣೆಯಲ್ಲಿ. ಹಿರಿಯರು ಬದುಕಿದರು. ಬದುಕಿದ್ದರಿಂದಲೇ ಈ ಪತ್ರದಲ್ಲಿ ಇಷ್ಟಾದರೂ ಮರ್ಯಾದೆ ಉಳಿದಿದೆ.

ನೀರು ಇಳಿದ ಮೇಲೆ ತಮ್ಮ ಕಚೇರಿಯಿಂದ ಪತ್ರಿಕಾ ಹೇಳಿಕೆ ಬಂತು. ‘ಸಂಪರ್ಕ ವ್ಯವಸ್ಥೆ ಎಲ್ಲಿಯೂ ಕಡಿತಗೊಂಡಿರಲಿಲ್ಲ’ ಎಂದಿತ್ತು. ಒಂದು ಕಡೆ ಮಾತ್ರ ಕಡಿತಗೊಂಡಿತ್ತು, ಮಾನ್ಯರೇ. ಕಡಿದದ್ದು ನಿಮ್ಮದೇ ಛಾವಣಿಯ ಮೇಲೆ.

ನಮ್ಮಲ್ಲಿ ಸ್ಯಾಟಲೈಟ್ ಫೋನ್ ಇದೆ, ಹ್ಯಾಮ್‌ಗಳ ಅಗತ್ಯವೇನು ಎಂದು ತಮ್ಮ ಕಚೇರಿಯವರೊಬ್ಬರು ಕೇಳಿದ್ದರು. ಇದೆ, ನಾನೂ ನೋಡಿದ್ದೇನೆ, ಬೀರುವಿನ ಗಾಜಿನ ಹಿಂದೆ. ಆ ರಾತ್ರಿ ಬೀರುವಿನ ಕೀಲಿಕೈ ಇದ್ದವರು ರಜೆಯಲ್ಲಿದ್ದರು. ಕೀಲಿ ಸಿಕ್ಕಿದ್ದರೂ ಅದರಲ್ಲಿ ಒಬ್ಬರು ಒಬ್ಬರೊಂದಿಗೆ ಮಾತಾಡಬಹುದು, ಅದೂ ಮೇಲೆ ಆಕಾಶ ತೆರೆದಿದ್ದರೆ. ನೆಟ್‌ನಲ್ಲಿ ಒಬ್ಬರು ಹೇಳಿದ್ದನ್ನು ಎಲ್ಲ ಶಿಬಿರಗಳೂ ಒಟ್ಟಿಗೆ ಕೇಳುತ್ತವೆ. ಒಂದು ಶಿಬಿರದಲ್ಲಿ ಹೆಚ್ಚಾದ ಇನ್ಸುಲಿನ್ ಇನ್ನೊಂದರಲ್ಲಿ ಬೇಕಿದೆ ಎಂದು ಗೊತ್ತಾದದ್ದು ಹಾಗೆ. ಫೋನೂ ಇರಲಿ, ಪೊಲೀಸರ ವೈರ್‌ಲೆಸ್ಸೂ ಇರಲಿ. ಅವರ ಜಾಗಕ್ಕೆ ನಮ್ಮನ್ನು ಕೂರಿಸಿ ಎನ್ನುತ್ತಿಲ್ಲ. ಅವೆಲ್ಲ ಸತ್ತಾಗ ಕೂರಲು ಒಂದು ಜಾಗ ಕೊಡಿ ಎನ್ನುತ್ತಿದ್ದೇನೆ. ಒಂದು ಗುರುತಿನ ಚೀಟಿ, ಒಂದು ಆಂಟೆನಾ.

ಹ್ಯಾಮ್‌ಗಳು ಇಂಥ ಕೆಲಸ ಮಾಡುತ್ತಿರುವುದು ಇದೇ ಮೊದಲೇನಲ್ಲ. 2001ರಲ್ಲಿ ಭುಜ್ ನೆಲಸಮವಾದಾಗ ದೇಶದ ಬೇರೆ ಬೇರೆ ಕಡೆಯ ಹ್ಯಾಮ್‌ಗಳು ಸೆಟ್ಟು ಹೊತ್ತುಕೊಂಡು ಹೋಗಿದ್ದರು. 2015ರ ನೇಪಾಳದ ಭೂಕಂಪದಲ್ಲೂ ಹ್ಯಾಮ್‌ಗಳು ದುಡಿದರು. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ಮುರಿದು ಹಾಕಿದಾಗ ಅಮೆರಿಕದ ರೆಡ್ ಕ್ರಾಸ್ ತಾನಾಗಿಯೇ ಹವ್ಯಾಸಿ ರೇಡಿಯೊ ಸಂಘಟನೆಗೆ ಬರೆದು 50 ಮಂದಿಯನ್ನು ಕಳಿಸಿ ಎಂದು ಕೇಳಿತ್ತು. ಅಲ್ಲಿ ಕೇಳಿ ಕರೆಸಿಕೊಳ್ಳುತ್ತಾರೆ, ಇಲ್ಲಿ ತಾನಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಅಂಡಮಾನ್. 2004ರ ಡಿಸೆಂಬರಿನಲ್ಲಿ ನಮ್ಮಂಥದೇ ಹ್ಯಾಮ್ ಆದ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿದ್ದು ಯಾವ ವಿಪತ್ತಿಗೂ ಅಲ್ಲ. ಅಪರೂಪದ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳೊಂದಿಗೆ ಮಾತಾಡುವ ಆಸೆಗೆ, ನಮ್ಮವರ ಹುಚ್ಚು ಅದು. 26ರಂದು ಸುನಾಮಿ ಬಂತು. ರೇಡಿಯೊ ಅಲ್ಲೇ ಇತ್ತು, ಆಂಟೆನಾ ಮೇಲಿತ್ತು, ಕೂತು ಕೆಲಸ ಮಾಡಬಲ್ಲವರಿದ್ದರು. ದ್ವೀಪದವರ ಕ್ಷೇಮ ಸಮಾಚಾರ ಮುಖ್ಯಭೂಮಿಗೆ ಹೊರಟಿತು. ಆಂಟೆನಾ ಮೊದಲೇ ಮೇಲಿತ್ತು ಎಂಬುದನ್ನು ಗಮನಿಸಬೇಕು. ನನ್ನ ಐದು ಪತ್ರಗಳಲ್ಲಿ ಇರುವುದೂ ಅಷ್ಟೇ.

ವರ್ಷಕ್ಕೊಮ್ಮೆ ತಾವು ನಡೆಸುವ ಅಣಕು ಕಾರ್ಯಾಚರಣೆಯಲ್ಲಿ ನಮ್ಮನ್ನೂ ಸೇರಿಸಿ ಎಂದು ನಾಲ್ಕನೆಯ ಪತ್ರದಲ್ಲಿ ಕೇಳಿದ್ದೆ. ಹೋದ ಬಾರಿಯ ಅಣಕು ಕಾರ್ಯಾಚರಣೆಯಲ್ಲಿ ಎಲ್ಲ ಇಲಾಖೆಗಳೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಮನ್ವಯ ಸಾಧಿಸಿದವು ಎಂದು ಓದಿದೆ. ಪ್ರವಾಹ ಬರುವಾಗ ವಾಟ್ಸ್‌ಆ್ಯಪ್‌ಗೂ ಒಂದು ಗುಂಪು ಸಂದೇಶ ಹಾಕಿ, ಸ್ವಲ್ಪ ಇರು ಎಂದು ಹೇಳಿಬಿಟ್ಟರೆ ಆಯಿತು.

ಕ್ಷಮಿಸಿ. ಬರೆಯಲು ಕೂತಾಗ ಇಷ್ಟು ಖಾರ ಇರಲಿಲ್ಲ.

ಮಳೆಗಾಲಕ್ಕೆ ಇನ್ನು ಹೆಚ್ಚು ದಿನವಿಲ್ಲ. ಐದು ಗುರುತಿನ ಚೀಟಿ, ಛಾವಣಿಯ ಮೇಲೆ ಒಂದು ಆಂಟೆನಾ, ಅದರ ಬುಡದಲ್ಲಿ ‘ಮುಟ್ಟಬೇಡಿ’ ಎಂಬ ಹಲಗೆ. ಹಲಗೆ ಬರೆಸುವುದೂ ನನ್ನ ಖರ್ಚು. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮ ಕಚೇರಿಗೆ ಬರುತ್ತೇನೆ. ಬ್ಯಾಟರಿ, ರೇಡಿಯೊ, 20 ಮೀಟರ್ ಹೊಸ ತಂತಿ ತರುತ್ತೇನೆ. ಮುಕ್ಕಾಲು ಗಂಟೆಯಲ್ಲಿ ಕಟ್ಟಿ, ತಮ್ಮ ಮೇಜಿನ ಪಕ್ಕದಲ್ಲೇ ನಮ್ಮ ನೆಟ್ ಕೇಳಿಸುತ್ತೇನೆ. ಬ್ಯಾನರಿಗೆಂದು ಬೇರೆ ಒಂದು ಸುರುಳಿ ನೈಲಾನ್ ಹಗ್ಗವನ್ನೂ ತರುತ್ತಿದ್ದೇನೆ, ಅದು ತಮ್ಮ ಕಚೇರಿಗೇ ಇರಲಿ.

ಗೇಟಿನವರಿಗೆ ಒಂದು ಮಾತು ಹೇಳಿಟ್ಟಿರಿ.

ಇಂತಿ ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಹ್ಯಾಮ್
73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ)