ಹನ್ನೊಂದು ಆರಂಭಗಳು: ಎರಡನೇ ಪುಸ್ತಕ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ನೀನು ಕಳುಹಿಸಿದ ಹನ್ನೊಂದು ಕಥೆಗಳನ್ನೂ ಎರಡೆರಡು ಸಲ ಓದಿದೆ. ಕಥೆಗಳೆಂದು ನೀನು ಬರೆದಿದ್ದೀಯ, ನನಗೆ ಸಿಕ್ಕಿದ್ದು ಹನ್ನೊಂದು ಆರಂಭಗಳು. ಒಂದೂ ಐದನೇ ಪುಟವನ್ನು ದಾಟಿಲ್ಲ. ಜೊತೆಗಿಟ್ಟ ಕಾಗದದಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಬ್ಯಾಂಕಿನ ಕೆಲಸಕ್ಕೆ ಆರು ತಿಂಗಳು ರಜೆ ಹಾಕಿ, ಸಕಲೇಶಪುರದ ಹೋಂಸ್ಟೇಯಲ್ಲಿ ಕುಳಿತು ಎರಡನೇ ಸಂಕಲನವನ್ನು ಮುಗಿಸಲೇ ಎಂಬುದು ಮೊದಲನೆಯದು. ಪರ್ಲ್ ಜ್ಯಾಮ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಗಾಯಕ ಎಡ್ಡಿ ವೆಡರ್ ಎರಡನೇ ಆಲ್ಬಮ್ ಮಾಡುವಾಗ ಸುಖದ ಸ್ಟುಡಿಯೋ ಬಿಟ್ಟು ತನ್ನ ಟ್ರಕ್ಕಿನಲ್ಲಿ ಮಲಗಿದನಲ್ಲ, ನಾವೂ ಹಾಗೆ ಎಲ್ಲವನ್ನೂ ಬಿಟ್ಟು ಹೊರಡಬೇಕಲ್ಲವೇ ಎಂಬುದು ಎರಡನೆಯದು.

ಆ ಹೆಸರನ್ನು ನಿನ್ನ ಕೈಬರಹದಲ್ಲಿ ಕಂಡು ನನಗೆ ತುಂಬ ಸಂತೋಷವಾಯಿತು. ನಾನು ನನ್ನ ಎರಡನೇ ಪುಸ್ತಕದೊಂದಿಗೆ ಒದ್ದಾಡುತ್ತಿದ್ದ ವರ್ಷಗಳಲ್ಲಿ ಅವರ ಆ ಎರಡನೇ ಆಲ್ಬಮ್ ‘ವರ್ಸಸ್’ನ ಕ್ಯಾಸೆಟ್ ನನ್ನ ಮೇಜಿನ ಮೇಲೆಯೇ ಇರುತ್ತಿತ್ತು. ಗ್ರಂಜ್ ಎಂಬ ಆ ಒರಟು ಗಿಟಾರಿನ ಸಂಗೀತವನ್ನು ಮನೆಯಲ್ಲಿ ಯಾರೂ ಸಹಿಸುತ್ತಿರಲಿಲ್ಲ. ನನಗೆ ಅದು ಬೇಕಾಗಿತ್ತು. ಹಾಗಾಗಿ ನೀನು ಎತ್ತಿದ ಉದಾಹರಣೆಯನ್ನೇ ಹಿಡಿದು ಮಾತನಾಡುತ್ತೇನೆ. ನೀನು ಅದರಿಂದ ತಪ್ಪು ಪಾಠವನ್ನು ಕಲಿತಿದ್ದೀಯ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅವರ ಮೊದಲ ಆಲ್ಬಮ್ ‘ಟೆನ್’ ಹೇಗೆ ಹುಟ್ಟಿತೆಂದು ನೆನಪು ಮಾಡಿಕೊ. ಸಿಯಾಟಲ್‌ನ ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಮತ್ತು ಬೇಸ್ ವಾದಕ ಜೆಫ್ ಅಮೆಂಟ್ 1990ರ ಮಾರ್ಚ್‌ನಲ್ಲಿ ತಮ್ಮ ಹಿಂದಿನ ಬ್ಯಾಂಡಿನ ಗಾಯಕ ಆಂಡ್ರ್ಯೂ ವುಡ್‌ನನ್ನು ಕಳೆದುಕೊಂಡಿದ್ದರು. ಬರಿಯ ವಾದ್ಯಗಳಿದ್ದ, ಹಾಡುವವರಿಲ್ಲದ ಅವರ ಕ್ಯಾಸೆಟ್ ಒಬ್ಬ ಸ್ನೇಹಿತನ ಮೂಲಕ ಸ್ಯಾನ್ ಡಿಯಾಗೋದಲ್ಲಿದ್ದ ವೆಡರ್‌ನ ಕೈ ಸೇರಿತು. ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದ ಅವನು ಅದನ್ನು ಕೇಳಿ, ಸರ್ಫಿಂಗ್‌ಗೆ ಹೋಗಿ ಬಂದು, ಮೂರು ಹಾಡುಗಳಿಗೆ ಮಾತು ಕಟ್ಟಿ, ತನ್ನ ದನಿ ಸೇರಿಸಿ ಅಂಚೆಗೆ ಹಾಕಿದ. ‘ಅಲೈವ್’ ಅವುಗಳಲ್ಲೊಂದು. ತಂದೆಯೆಂದು ನಂಬಿದ್ದವನು ಮಲತಂದೆ, ಹೆತ್ತ ತಂದೆ ಆಗಲೇ ತೀರಿಹೋಗಿದ್ದಾನೆ ಎಂದು ಒಬ್ಬ ಹುಡುಗನಿಗೆ ತಿಳಿಯುತ್ತದೆ. ಅದು ವೆಡರ್‌ನ ಸ್ವಂತ ಬದುಕು. ವರ್ಷಗಟ್ಟಲೆ ಒಳಗೆ ಕುದಿಯುತ್ತಿದ್ದುದು ಆ ದಿನ ಹೊರಗೆ ಬಂತು. ಅವನ ಮುಂದಿನ ಸಾಲಿಗಾಗಿ ಆಗ ಯಾರೂ ಕಾಯುತ್ತಿರಲಿಲ್ಲ.

ನಿನ್ನ ಮೊದಲ ಸಂಕಲನವೂ ಹಾಗೆಯೇ ಬಂದದ್ದು. ಏಳು ವರ್ಷ, ಬ್ಯಾಂಕಿನಿಂದ ಬಂದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಬರೆದೆ ಎಂದು ನೀನೇ ಮುನ್ನುಡಿಯಲ್ಲಿ ಹೇಳಿದ್ದೀಯ.

‘ಟೆನ್’ 1991ರ ಆಗಸ್ಟ್‌ನಲ್ಲಿ ಹೊರಬಂದಾಗ ನಿಧಾನವಾಗಿಯೇ ಮಾರಾಟವಾಯಿತು. 1992ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ವರ್ಷಗಳು ಕಳೆದಂತೆ ಆ ಒಂದೇ ದೇಶದಲ್ಲಿ 1.3 ಕೋಟಿ ಪ್ರತಿಗಳನ್ನು ಮುಟ್ಟಿತು. ಹಾಗೆ ಮೇಲೇರಿದವರು 1993ರ ಮಾರ್ಚ್‌ನಲ್ಲಿ ಎರಡನೇ ಆಲ್ಬಮ್‌ಗೆ ಕುಳಿತರು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ನಿಕಾಸಿಯೋದ ಗುಡ್ಡಗಳ ನಡುವೆ ‘ದ ಸೈಟ್’ ಎಂಬ ಸ್ಟುಡಿಯೋ. ಸುತ್ತ ಹಸಿರು, ಊಟ ವಸತಿಗೆ ಕೊರತೆಯಿಲ್ಲ, ತೊಂದರೆ ಕೊಡುವವರಿಲ್ಲ. ಮೊದಲ ದಿನಗಳಲ್ಲಿ ಕೆಲವು ಹಾಡುಗಳು ಸರಸರನೆ ಬಂದವು. ಆಮೇಲೆ ವೆಡರ್‌ಗೆ ಮಾತೇ ಹೊರಡಲಿಲ್ಲ. ಇಷ್ಟು ಸುಖವಾದ ಜಾಗದಲ್ಲಿ ರಾಕ್ ಸಂಗೀತವನ್ನು ಹೇಗೆ ಮಾಡುವುದು ಎಂದು ಅವನು ಕಸಿವಿಸಿಪಟ್ಟ. ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಗಾಡಿ ಓಡಿಸಿಕೊಂಡು ಹೋಗಿಬಿಡುತ್ತಿದ್ದ, ಟ್ರಕ್ಕಿನಲ್ಲಿ ಮಲಗುತ್ತಿದ್ದ.

ಈಗ ಹೇಳು, ನಿನ್ನ ಸಕಲೇಶಪುರದ ಹೋಂಸ್ಟೇ ಈ ಕಥೆಯಲ್ಲಿ ಯಾವುದು? ಮಂಜು ಮುಸುಕಿದ ಬೆಟ್ಟ, ಕಾಫಿ ತೋಟ, ಹೊತ್ತುಹೊತ್ತಿಗೆ ಅಕ್ಕಿರೊಟ್ಟಿ. ನೀನು ಟ್ರಕ್ಕಿಗೆ ಹೋಗುತ್ತಿದ್ದೇನೆ ಎಂದುಕೊಂಡು ನಿಕಾಸಿಯೋದ ಸ್ಟುಡಿಯೋಗೆ ಹೊರಟಿದ್ದೀಯ. ಮಾತು ಕಟ್ಟಿಹೋದದ್ದು ಅಲ್ಲಿಯೇ. ನಿನ್ನ ಮಟ್ಟಿಗೆ ಆ ಟ್ರಕ್ಕು ಬ್ಯಾಂಕಿನ ಕೌಂಟರು. ಸಾಲದ ಕಂತು ಕಟ್ಟಲು ಬಂದು ಹತ್ತು ನಿಮಿಷ ಮಗಳ ಸುದ್ದಿ ಹೇಳಿ ಹೋಗುವ ಆ ಅಡಿಕೆ ವ್ಯಾಪಾರಿ ಹೋಂಸ್ಟೇಯಲ್ಲಿ ನಿನಗೆ ಸಿಗುವುದಿಲ್ಲ. ರಜೆ ಹಾಕಬೇಡ. ಇದು ನಿನ್ನ ಮೊದಲ ಪ್ರಶ್ನೆಗೆ ನನ್ನ ಉತ್ತರ, ಇದರಲ್ಲಿ ನನಗೆ ಅನುಮಾನವಿಲ್ಲ.

ಟ್ರಕ್ಕಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಕಷ್ಟಪಟ್ಟರೆ ಕಲೆ ತಾನೇ ಬರುತ್ತದೆ ಎಂದು ನಂಬುವ ವಯಸ್ಸು ನಿನ್ನದು. ವೆಡರ್ ಟ್ರಕ್ಕಿನಲ್ಲಿ ಮಲಗಿದ್ದನ್ನು ಎಲ್ಲರೂ ನೆನಪಿಟ್ಟಿದ್ದಾರೆ, ಏಕೆಂದರೆ ಅದು ಹೇಳಲು ಚೆನ್ನಾಗಿದೆ. ಆ ಆಲ್ಬಮ್ ದಡ ಸೇರಿದ್ದರ ಹಿಂದೆ ಅಷ್ಟು ಚೆನ್ನಾಗಿ ಹೇಳಲಾಗದ ಇನ್ನೊಂದು ಕಾರಣವಿದೆ. ಆ ಸಲ ಅವರು ಮೊದಲ ಬಾರಿಗೆ ಬ್ರೆಂಡನ್ ಓಬ್ರಿಯನ್ ಎಂಬ ನಿರ್ಮಾಪಕನ ಜೊತೆ ಕೆಲಸ ಮಾಡಿದರು. ಒಂದು ಹಾಡನ್ನು ತೆಗೆದುಕೊಳ್ಳುವುದು, ನುಡಿಸಿ ರೆಕಾರ್ಡ್ ಮಾಡುವುದು, ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೂಡ ಮುಗಿಸುವುದು, ಆಮೇಲೆಯೇ ಮುಂದಿನದಕ್ಕೆ ಕೈ ಹಾಕುವುದು. ‘ಟೆನ್’ ಹಾಗೆ ಆಗಿರಲಿಲ್ಲ. ಅದನ್ನು ಸಿಯಾಟಲ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಇಂಗ್ಲೆಂಡಿಗೆ ಹೋಗಿ ಎಲ್ಲವನ್ನೂ ಒಟ್ಟಿಗೆ ಮಿಕ್ಸ್ ಮಾಡಿದ್ದರು. ಆ ಗುಂಯ್‌ಗುಡುವ ಪ್ರತಿಧ್ವನಿ ಬ್ಯಾಂಡಿನವರಿಗೇ ಮುಂದೆ ಹಿಡಿಸಲಿಲ್ಲ. 2009ರಲ್ಲಿ ಓಬ್ರಿಯನ್ ಕೈಯಲ್ಲಿಯೇ ಅದನ್ನು ಹೊಸದಾಗಿ ಮಿಕ್ಸ್ ಮಾಡಿಸಿದರು.

ಒಂದೊಂದೇ ಹಾಡನ್ನು ಮುಗಿಸುವ ಈ ಕ್ರಮ ನನ್ನನ್ನು ಕಾಪಾಡಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ‘ಎರಡನೇ ಪುಸ್ತಕ’ ಎಂಬುದನ್ನು ಯಾರೂ ಬರೆಯಲಾರರು. ಅದು ತುಂಬ ದೊಡ್ಡದು, ಅದರೊಳಗೆ ವಿಮರ್ಶಕರು, ಬಹುಮಾನ ಕೊಟ್ಟವರು, ಸಂವಾದದಲ್ಲಿ ಎದ್ದು ನಿಂತು ಮುಂದೇನು ಎಂದು ಕೇಳಿದವರು ಎಲ್ಲ ತುಂಬಿಕೊಂಡಿದ್ದಾರೆ. ಒಂದು ಕಥೆಯೊಳಗೆ ಅಷ್ಟು ಜನರಿಗೆ ಜಾಗವಿರುವುದಿಲ್ಲ. ನಿನ್ನ ಹನ್ನೊಂದು ಆರಂಭಗಳನ್ನು ನೋಡು. ಎಲ್ಲವೂ ನುಣುಪಾಗಿವೆ, ಒಂದು ಪದ ಆಚೀಚೆ ಆಗಿಲ್ಲ. ನೀನು ಸಂಕಲನದ ಬೆನ್ನುಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ್ನು ಬರೆದಿದ್ದೀಯ. ಕಥೆ ಕೈ ಮೀರುವ ಲಕ್ಷಣ ಕಂಡ ಕೂಡಲೇ ಬಿಟ್ಟು ಇನ್ನೊಂದಕ್ಕೆ ಹಾರಿದ್ದೀಯ.

ನಾನು ಇದನ್ನು ನಷ್ಟ ಅನುಭವಿಸಿಯೇ ಕಲಿತೆ. ಮೊದಲ ಪುಸ್ತಕ ಮೆಚ್ಚುಗೆ ಪಡೆದ ವರ್ಷ ಒಬ್ಬ ಪ್ರಕಾಶಕರು ಬಿಡುಗಡೆಯ ದಿನವನ್ನೂ ಸಭಾಂಗಣವನ್ನೂ ಮೊದಲೇ ಗೊತ್ತುಮಾಡಿ ನನ್ನ ಬೆನ್ನು ಹತ್ತಿದರು. ಪುಟ ತುಂಬಿಸಲು ಎರಡು ಅರೆಬೆಂದ ಕಥೆಗಳನ್ನು ಕೊಟ್ಟೆ. ಆ ಎರಡರಲ್ಲಿ ಒಂದು ನನ್ನ ಅಜ್ಜಿಯ ಕಥೆ. ಅದನ್ನು ಇನ್ನೊಮ್ಮೆ ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ, ಆಗಲಿಲ್ಲ. ಅಚ್ಚಾದ ರೂಪ ಅಡ್ಡ ನಿಲ್ಲುತ್ತದೆ. ಆ ದುಃಖ ನಿನಗೆ ಬರಬಾರದು.

ನಿಕಾಸಿಯೋಗೆ ಮರಳುತ್ತೇನೆ, ಏಕೆಂದರೆ ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನೂ ಉಳಿದಿದೆ. ಒಂದು ಬೆಳಿಗ್ಗೆ ವೆಡರ್ ಸ್ಟುಡಿಯೋದ ಆವರಣದ ಸಣ್ಣ ಹೊರಮನೆಯಲ್ಲಿ ಗಿಟಾರ್ ಹಿಡಿದು ಕುಳಿತಿದ್ದ. ಆಲ್ಬಮ್‌ಗಾಗಿ ಎಂದೇನೂ ಅಲ್ಲ, ಸುಮ್ಮನೆ. ಸ್ವಲ್ಪ ಹೊತ್ತಿನಲ್ಲಿಯೇ ಒಂದು ಹಾಡು ಬಂತು. ಅದು ಕಿವಿಗೆ ಬಿದ್ದ ಗೊಸಾರ್ಡ್, ಇದು ಚೆನ್ನಾಗಿದೆ ಎಂದ. ‘ಎಲ್ಡರ್ಲಿ ವುಮನ್ ಬಿಹೈಂಡ್ ದ ಕೌಂಟರ್ ಇನ್ ಎ ಸ್ಮಾಲ್ ಟೌನ್’ ಹುಟ್ಟಿದ್ದು ಹೀಗೆ. ಉಳಿದ ಹಾಡುಗಳ ಹೆಸರೆಲ್ಲ ‘ಗೋ’, ‘ಬ್ಲಡ್’, ‘ರ‍್ಯಾಟ್ಸ್’ ಎಂದು ಚುಟುಕಾಗಿರುವಾಗ ಇದಕ್ಕೆ ಮಾತ್ರ ಮಾರುದ್ದದ ಹೆಸರು. ಸಣ್ಣ ಊರೊಂದರ ಅಂಗಡಿಯ ಕೌಂಟರಿನ ಹಿಂದೆ ವಯಸ್ಸಾದ ಹೆಂಗಸು ನಿಂತಿದ್ದಾಳೆ. ಒಳಗೆ ಬಂದ ಒಬ್ಬ ಮನುಷ್ಯನ ಮುಖವನ್ನು ಎಲ್ಲೋ ನೋಡಿದ ಹಾಗಿದೆ. ಹೆಸರು ನಾಲಿಗೆಗೆ ಬರುತ್ತಿಲ್ಲ. ಅವನು ಹೊರಗಿನ ಲೋಕವನ್ನು ಕಂಡು ಬಂದವನು, ಅವಳು ಊರು ಬಿಡದವಳು. ಇಷ್ಟೇ. ಗರ್ಜನೆಗೆ ಹೆಸರಾದ ಬ್ಯಾಂಡು ಇದನ್ನು ಮೆಲ್ಲಗೆ ನುಡಿಸಿತು.

ಆ ಆಲ್ಬಮ್ ಉದ್ದಕ್ಕೂ ಇಂಥವರಿದ್ದಾರೆ. ‘ಡಾಟರ್’ ಹಾಡಿನಲ್ಲಿ ಕಲಿಕೆಯ ತೊಂದರೆಯಿರುವ ಹುಡುಗಿ, ಅವಳನ್ನು ಅರ್ಥಮಾಡಿಕೊಳ್ಳದ ಹೆತ್ತವರು. ‘ಡಿಸಿಡೆಂಟ್’ನಲ್ಲಿ ತಲೆಮರೆಸಿಕೊಂಡವನಿಗೆ ಆಶ್ರಯ ಕೊಡುವ ಹೆಂಗಸು. ಹೊರಗಿನವರ ಬದುಕು ಮೊದಲ ಆಲ್ಬಮ್‌ನಲ್ಲೂ ಇತ್ತು: ‘ಈವನ್ ಫ್ಲೋ’ ಮನೆಯಿಲ್ಲದವನ ಹಾಡು, ‘ಜೆರೆಮಿ’ ಪತ್ರಿಕೆಯ ಸುದ್ದಿಯೊಂದರಿಂದ ಮೊಳೆತದ್ದು. ಆ ಎಳೆಯೇ ಎರಡನೆಯದರಲ್ಲಿ ಬಲಿತಿತು. ನಿನ್ನ ಮೊದಲ ಪುಸ್ತಕದಲ್ಲೂ ಅಂಥ ಎಳೆಯೊಂದಿದೆ. ಎಲ್ಲರೂ ಹೊಗಳಿದ್ದು ನಿನ್ನ ಬಾಲ್ಯದ ಕಥೆಗಳನ್ನು. ಔಷಧದಂಗಡಿಯವನು ಚೀಟಿ ಓದಿ ರೋಗಿಯ ಮುಖ ನೋಡದೆ ಮಾತ್ರೆ ಎಣಿಸುವ ಆ ಅರ್ಧ ಪುಟವನ್ನು ಯಾರೂ ಗಮನಿಸಲಿಲ್ಲ. ನಾನು ಗೆರೆ ಎಳೆದಿಟ್ಟಿದ್ದೇನೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಅವರು ‘ವರ್ಸಸ್’ ಆಲ್ಬಮ್‌ಗೆ ಒಂದೂ ವಿಡಿಯೋ ಮಾಡಲಿಲ್ಲ. ‘ಜೆರೆಮಿ’ಯ ವಿಡಿಯೋ ಪ್ರಶಸ್ತಿ ಬಾಚಿದ ಕಾಲದಲ್ಲಿಯೇ ಮಾಡಿದ ನಿರ್ಧಾರವದು. ಮಾರುಕಟ್ಟೆ ಬೇಡ ಎನ್ನುವ ಹಟಕ್ಕಿಂತ, ಹಾಡನ್ನು ಕೇಳುವವರ ಕಣ್ಣ ಮುಂದೆ ಅವರದೇ ಚಿತ್ರ ಮೂಡಲಿ ಎಂಬ ಆಸೆ ಅದರಲ್ಲಿತ್ತು ಎಂದು ನಾನು ನಂಬುತ್ತೇನೆ. ನೀನೂ ಈ ವರ್ಷ ಸಂವಾದಗಳಿಗೆ, ವಿಶೇಷಾಂಕಗಳ ಕೋರಿಕೆಗಳಿಗೆ ವಿನಯದಿಂದ ಆಗುವುದಿಲ್ಲ ಎನ್ನು. ಆ ಆಲ್ಬಮ್‌ನ ಮುಖಪುಟವನ್ನೂ ನೋಡಿರುತ್ತೀಯ, ತಂತಿಬೇಲಿಯಿಂದ ಮೂತಿ ತೂರಿಸಿರುವ ಮೇಕೆ. ಅಮೆಂಟ್ ಮೊಂಟಾನಾದಲ್ಲಿ ತೆಗೆದ ಫೋಟೋ ಅದು. ಆಗ ತಾವೂ ಹಾಗೆಯೇ ಬೇಲಿಯೊಳಗೆ ಸಿಕ್ಕಿಬಿದ್ದಿದ್ದೆವು ಎಂಬುದು ಅವರ ಭಾವನೆಯಾಗಿತ್ತು. 1993ರ ಅಕ್ಟೋಬರ್‌ನಲ್ಲಿ ಹೊರಬಂದ ಆಲ್ಬಮ್ ಮೊದಲ ವಾರವೇ ಒಂಬತ್ತೂವರೆ ಲಕ್ಷ ಪ್ರತಿ ಮಾರಾಟವಾಗಿ ದಾಖಲೆ ಮಾಡಿತು. ಆ ಸಂಖ್ಯೆ ನಿನಗೆ ಬೇಡ.

ಇನ್ನೊಂದನ್ನು ಕೇಳಿಸಿಕೊ. ಅದೇ ಆಲ್ಬಮ್‌ನ ‘ರಿಯರ್‌ವ್ಯೂ ಮಿರರ್’ ಹಾಡು ಮುಗಿಯುವ ಹೊತ್ತಿಗೆ, ಡ್ರಮ್ ನುಡಿಸಿ ಸಾಕಾದ ಡೇವ್ ಅಬ್ರುಜ಼ೀಸ್ ಕೋಲುಗಳನ್ನು ಗೋಡೆಗೆ ಎಸೆದ ಸದ್ದು ಇದೆ. ಅದನ್ನು ಅವರು ಅಳಿಸದೆ ಉಳಿಸಿಕೊಂಡರು. ನಿನ್ನ ಹನ್ನೊಂದರಲ್ಲಿ ಎಲ್ಲಿಯೂ ಅಂಥ ಸದ್ದು ನನಗೆ ಕೇಳಲಿಲ್ಲ. ಏಳನೆಯದರಲ್ಲಿ ಮಾತ್ರ, ನಾಲ್ಕನೇ ಪುಟದ ಕೊನೆಗೆ, ಅಡಿಕೆ ವ್ಯಾಪಾರಿ ಪಾಸ್‌ಬುಕ್ಕನ್ನು ಮರೆತು ಎದ್ದು ಹೋಗುವಲ್ಲಿ ನಿನ್ನ ವಾಕ್ಯ ತಡವರಿಸಿದೆ. ಎರಡು ಕಡೆ ಹೊಡೆದು ಬರೆದಿದ್ದೀಯ.

ಅದನ್ನೇ ಎತ್ತಿಕೊ. ಉಳಿದ ಹತ್ತನ್ನು ನಾನು ಇಲ್ಲಿಯೇ ಇಟ್ಟುಕೊಳ್ಳುತ್ತೇನೆ, ಕೇಳಿದರೂ ಈಗ ಕೊಡುವುದಿಲ್ಲ. ಏಳನೆಯದನ್ನು ಈ ಲಕೋಟೆಯಲ್ಲಿ ವಾಪಸು ಕಳುಹಿಸಿದ್ದೇನೆ. ಆ ಪಾಸ್‌ಬುಕ್ಕು ಕೌಂಟರಿನ ಮೇಲೆ ಎಷ್ಟು ದಿನ ಬಿದ್ದಿತ್ತು, ಅದನ್ನು ಕೇಳಿಕೊಂಡು ಯಾರು ಬಂದರು ಎಂದು ನನಗೆ ತಿಳಿಯಬೇಕು. ಮುಗಿದ ಮೇಲೆ ಅಂಚೆಯಲ್ಲಿಯೇ ಕಳುಹಿಸು, ಹೊಡೆದು ತಿದ್ದಿದ ಪ್ರತಿಯನ್ನೇ.

ಇಂತಿ,
ನಿನ್ನ ಅಕ್ಕ