ಶ್ರೀನಗರಕ್ಕೆ ಸೇನೆ ಹೊತ್ತೊಯ್ದ ಸಿವಿಲ್ ಡಕೋಟಾಗಳಿಗೂ ಒಂದು ನೆನಪಿನ ಫಲಕ ಬೇಕು

ಮಾನ್ಯ ಸಂಪಾದಕರೇ,

ಪ್ರತಿವರ್ಷ ಅಕ್ಟೋಬರ್ 27ರಂದು ಪದಾತಿ ದಿನದ ವರದಿಗಳು ಪತ್ರಿಕೆಗಳಲ್ಲಿ ಬರುತ್ತವೆ. 1947ರ ಆ ದಿನ ಒಂದನೇ ಸಿಖ್ ಬೆಟಾಲಿಯನ್ ಶ್ರೀನಗರದಲ್ಲಿ ಇಳಿದದ್ದನ್ನೂ ಬಾರಾಮುಲ್ಲಾ ಕಡೆ ಹೋರಾಡುತ್ತ ಪ್ರಾಣ ಕೊಟ್ಟ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರನ್ನೂ ನೆನೆಯುತ್ತೇವೆ. ನೆನೆಯಲೇಬೇಕು. ಆದರೆ ಆ ಸೈನಿಕರು ಅಲ್ಲಿಗೆ ತಲುಪಿದ್ದು ಹೇಗೆ ಎನ್ನುವಲ್ಲಿಗೆ ಬಂದಾಗ ‘ವಾಯುಪಡೆಯ ವಿಮಾನಗಳಲ್ಲಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ವಿಮಾನ ರಿಪೇರಿ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಇದು ಪ್ರತಿಸಲವೂ ನೋವು ತರುತ್ತದೆ. ಏಕೆಂದರೆ ಅಂದು ಹಾರಿದವರಲ್ಲಿ ಬಹಳ ಮಂದಿ ವಾಯುಪಡೆಯವರೇ ಆಗಿರಲಿಲ್ಲ. ಖಾಸಗಿ ಕಂಪನಿಗಳ ಪೈಲಟ್‌ಗಳು, ರೇಡಿಯೊ ಆಪರೇಟರ್‌ಗಳು, ಮೆಕ್ಯಾನಿಕ್‌ಗಳು ಆಗಿದ್ದರು.

ದೇಶ ವಿಭಜನೆಯಾದಾಗ ನಮ್ಮ ವಾಯುಪಡೆಯ ಪಾಲಿಗೆ ಬಂದದ್ದು ಏಳು ಫೈಟರ್ ಸ್ಕ್ವಾಡ್ರನ್‌ಗಳು ಮತ್ತು ಒಂದೇ ಒಂದು ಸಾಗಣೆ ಸ್ಕ್ವಾಡ್ರನ್. ಅದೇ ಡಕೋಟಾ ಎಂಬ ಸಾಗಣೆ ವಿಮಾನಗಳ 12ನೇ ಸ್ಕ್ವಾಡ್ರನ್. ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದ್ದರು; ಅಕ್ಟೋಬರ್ 26ರಂದು ಅಲ್ಲಿನ ಮಹಾರಾಜ ಹರಿಸಿಂಗ್ ಭಾರತಕ್ಕೆ ಸೇರುವ ವಿಲೀನ ಪತ್ರಕ್ಕೆ ಸಹಿ ಹಾಕಿದರು. ಮರುದಿನ ಬೆಳಗ್ಗೆ ಸೇನೆ ಹೊರಡಬೇಕಿತ್ತು. ಒಂದು ಸ್ಕ್ವಾಡ್ರನ್ ಎಷ್ಟೆಂದು ಹೊತ್ತೀತು? ಸರ್ಕಾರ ಖಾಸಗಿ ವಿಮಾನ ಕಂಪನಿಗಳ ಡಕೋಟಾಗಳನ್ನು ವಶಕ್ಕೆ ತೆಗೆದುಕೊಂಡಿತು. ಪಂಜಾಬಿನ ನಿರಾಶ್ರಿತರನ್ನು ಹೊತ್ತು ತರುತ್ತಿದ್ದ ಸಿಬ್ಬಂದಿಗೆ ಹೀಗೆ ಯುದ್ಧದ ಕರೆ ಬಂತು. ವಾಯುಪಡೆಯದೂ ಕಂಪನಿಗಳದೂ ಸೇರಿ ನೂರಕ್ಕೂ ಹೆಚ್ಚು ವಿಮಾನಗಳು ಆ ಕೆಲಸಕ್ಕೆ ಇಳಿದವು.

ಡಕೋಟಾ ಎಂದರೆ ಏನೆಂದು ಇಂದಿನ ಓದುಗರಿಗೆ ಸ್ವಲ್ಪ ಹೇಳಬೇಕು. ಅದು ಬಾಲದ ಚಕ್ರದ ವಿಮಾನ. ನೆಲದ ಮೇಲೆ ನಿಂತಾಗ ಮೂತಿ ಮೇಲೆ, ಬಾಲ ಕೆಳಗೆ. ಹಿಂದಿನ ಎಡ ಬಾಗಿಲಿನಿಂದ ಹತ್ತಿದವರು ಒಳಗೆ ಏರು ಹಾದಿಯಲ್ಲಿ ನಡೆದಂತೆ ಮುಂದಕ್ಕೆ ಹೋಗಬೇಕು. ಮದ್ದುಗುಂಡಿನ ಪೆಟ್ಟಿಗೆಗಳನ್ನು ಆ ಇಳಿಜಾರಿನಲ್ಲೇ ಮೇಲಕ್ಕೆ ತಳ್ಳಿ, ಜಾರದಂತೆ ಹಗ್ಗದಿಂದ ನೆಲಕ್ಕೆ ಬಿಗಿಯಬೇಕು. ಭಾರ ಹಿಂದೆ ಸರಿದರೆ ಹಾರುವಾಗ ವಿಮಾನ ಹತೋಟಿ ತಪ್ಪುತ್ತದೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲ. ಇಂಥದ್ದರಲ್ಲಿ ಪೀರ್ ಪಂಜಾಲ್ ಬೆಟ್ಟಗಳನ್ನು ದಾಟಿ, ಮಹಾರಾಜರ ಸಣ್ಣ ವಿಮಾನಗಳಿಗೆಂದು ಮಾಡಿದ್ದ ಡಾಂಬರಿಲ್ಲದ ಪಟ್ಟಿಯ ಮೇಲೆ ಇಳಿಯಬೇಕಿತ್ತು. ಒಂದು ವಿಮಾನ ಇಳಿದರೆ ಎದ್ದ ಧೂಳು ಅಡಗುವ ಮೊದಲೇ ಇನ್ನೊಂದು ಬರುತ್ತಿತ್ತು. ನಿಲ್ದಾಣ ಇನ್ನೂ ನಮ್ಮವರ ಕೈಯಲ್ಲೇ ಇದೆಯೋ ಇಲ್ಲವೋ ಎಂಬುದು ಮೊದಲ ತಂಡಕ್ಕೆ ಖಚಿತವಿರಲಿಲ್ಲ. ಸಮವಸ್ತ್ರ ತೊಟ್ಟವರು ಆಜ್ಞೆಯಂತೆ ಹೋದರು ಸರಿ, ಆದರೆ ಸಂಬಳಕ್ಕೆ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಒಬ್ಬ ಪೈಲಟ್ ಆ ಬೆಳಗ್ಗೆ ಇಂಜಿನ್ ಚಾಲೂ ಮಾಡಿದ್ದನ್ನು ನಾವು ಯಾವ ಲೆಕ್ಕಕ್ಕೆ ಬರೆಯಬೇಕು?

ಆ ಸಾಗಣೆ ಒಂದು ದಿನಕ್ಕೆ ಮುಗಿಯಲಿಲ್ಲ. ದಿನವೂ ಜನ, ಮದ್ದು, ಆಹಾರ ಹೋಗುತ್ತಲೇ ಇತ್ತು. ನವೆಂಬರ್ 3ರಂದು ಬಡಗಾಮ್‌ನಲ್ಲಿ ನಿಲ್ದಾಣ ಉಳಿಸಲು ಹೋರಾಡಿ ಮಡಿದ ಮೇಜರ್ ಸೋಮನಾಥ ಶರ್ಮಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ವಿಮಾನದಲ್ಲಿ ಬಂದಿಳಿದವರು. ನವೆಂಬರ್ 7ರಂದು ಶಾಲಟೆಂಗ್‌ನಲ್ಲಿ ದಾಳಿಕೋರರನ್ನು ಹಿಮ್ಮೆಟ್ಟಿಸುವಷ್ಟು ಬಲ ಕೂಡಿದ್ದು ಈ ವಿಮಾನಗಳಿಂದಲೇ.

ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಡಕೋಟಾಗಳನ್ನು ದುರಸ್ತಿ ಮಾಡಿ, ವಿಮಾನ ಕಂಪನಿಗಳು ಬಳಸುವಂತೆ ಸಜ್ಜುಗೊಳಿಸುವ ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯಲ್ಲಿ ನಡೆಯಿತು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಮೊದಲ ಬಾರಿಗೆ ಲೇಹ್‌ನಲ್ಲಿ ಡಕೋಟಾ ಇಳಿಸಿದಾಗ ಅದರೊಳಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 10,000 ಅಡಿಗೂ ಎತ್ತರದಲ್ಲಿ, ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರನ್ನು ಕಟ್ಟಿಕೊಂಡು ಮಾಡಿದ ಪಟ್ಟಿ ಅದು. ತಮ್ಮ ಸೈನಿಕರನ್ನು ಕಳುಹಿಸುವ ಮೊದಲು ತಾವೇ ಹೋಗಿ ಇಳಿದರಲ್ಲ, ಆ ತಿಮ್ಮಯ್ಯನವರ ಬಗ್ಗೆ ನಮ್ಮ ಮಕ್ಕಳಿಗೆ ಇನ್ನಷ್ಟು ಹೇಳಬೇಕು. ಆದರೆ ಅದು ಇನ್ನೊಂದು ಪತ್ರದ ವಿಷಯ.

ಸಿವಿಲ್ ಡಕೋಟಾಗಳ ಕಥೆ ಮರೆಯಾಗಲು ಒಂದು ಸರಳ ಕಾರಣ ನನಗೆ ಕಾಣುತ್ತದೆ. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾದಾಗ ಡೆಕ್ಕನ್ ಏರ್‌ವೇಸ್, ಇಂಡಿಯನ್ ನ್ಯಾಷನಲ್ ಏರ್‌ವೇಸ್, ಭಾರತ್ ಏರ್‌ವೇಸ್, ಕಳಿಂಗ ಏರ್‌ಲೈನ್ಸ್, ಹಿಮಾಲಯನ್ ಏವಿಯೇಷನ್ ಮುಂತಾದ ಎಂಟು ಸಂಸ್ಥೆಗಳು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿದವು. ರೆಜಿಮೆಂಟಿಗಾದರೆ ತನ್ನ ಇತಿಹಾಸ ಬರೆದಿಡುವವರು ಇರುತ್ತಾರೆ, ಧ್ವಜ ಇರುತ್ತದೆ, ವರ್ಷಕ್ಕೊಮ್ಮೆ ಕೂಡುವ ದಿನ ಇರುತ್ತದೆ. ಮುಚ್ಚಿಹೋದ ಕಂಪನಿಗೆ ಯಾರಿದ್ದಾರೆ? ಸರ್ಕಾರವೇನೋ ಅಂಥ ನೆರವಿನ ಬೆಲೆ ಅರಿತಿತ್ತು. 1952ರ ಮೀಸಲು ಮತ್ತು ಸಹಾಯಕ ವಾಯುಪಡೆ ಕಾಯ್ದೆಯಲ್ಲಿ, ನಾಗರಿಕ ವಿಮಾನಯಾನದಲ್ಲಿ ಪಳಗಿದವರನ್ನು ಸೇವೆಗೆ ಕರೆಯಲೆಂದೇ ‘ಏರ್ ಡಿಫೆನ್ಸ್ ರಿಸರ್ವ್’ ಎಂಬ ವಿಭಾಗ ಸೇರಿಸಲಾಯಿತು. ಹೆಸರಿಟ್ಟು ಕಾನೂನು ಮಾಡುವುದಕ್ಕೆ ಐದು ವರ್ಷ ಮೊದಲೇ ಈ ಜನ ಮೀಸಲು ಪಡೆಯ ಕೆಲಸ ಮಾಡಿ ಮುಗಿಸಿದ್ದರು.

2018ರಲ್ಲಿ ‘ಪರಶುರಾಮ’ ಎಂಬ ಹಳೆಯ ಡಕೋಟಾ ಮತ್ತೆ ಹಾರುವ ಸ್ಥಿತಿಯಲ್ಲಿ ವಾಯುಪಡೆಗೆ ಸೇರಿದಾಗ ನನಗೆ ತುಂಬ ಸಂತೋಷವಾಯಿತು. ಅದಕ್ಕೆ ಕೊಟ್ಟ ವಿಪಿ 905 ಎಂಬ ಸಂಖ್ಯೆ ಶ್ರೀನಗರಕ್ಕೆ ಮೊದಲು ಸೈನಿಕರನ್ನು ಒಯ್ದ 12ನೇ ಸ್ಕ್ವಾಡ್ರನ್ ವಿಮಾನದ್ದು. ಆ ಗೌರವ ಸಂದದ್ದು ನ್ಯಾಯ. ಅದರ ಪಕ್ಕದಲ್ಲಿ ಹಾರಿದ, ರೆಕ್ಕೆಯ ಮೇಲೆ ಭಾರತದ ನಾಗರಿಕ ನೋಂದಣಿಯ ಗುರುತಾದ ‘ವಿಟಿ’ ಅಕ್ಷರಗಳಿದ್ದ ಸಿವಿಲ್ ವಿಮಾನಗಳಲ್ಲಿ ಒಂದರ ನೋಂದಣಿ ಸಂಖ್ಯೆಯಾದರೂ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಶಾಲಾ ಮಕ್ಕಳು ಗುಂಪುಗುಂಪಾಗಿ ಬರುತ್ತಾರೆ. ಡಕೋಟಾಗಳನ್ನು ಸಜ್ಜುಗೊಳಿಸಿದ ಕಾರ್ಖಾನೆಯ ಊರಿನಲ್ಲೇ, ಆ ಸಾಗಣೆಯಲ್ಲಿ ಪಾಲ್ಗೊಂಡ ಕಂಪನಿಗಳ ಹೆಸರು, ವಿಮಾನಗಳ ನೋಂದಣಿ ಸಂಖ್ಯೆ, ಸಿಬ್ಬಂದಿಯ ಹೆಸರು ಇರುವ ಕನ್ನಡದ ಫಲಕವೊಂದನ್ನು ಅಲ್ಲಿ ಹಾಕಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ. ಪೈಲಟ್‌ಗಳ ಹಳೆಯ ಲಾಗ್‌ಬುಕ್‌ಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇರಬಹುದು. ಯಾವ ದಿನ, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಅಂಥವು ಇದ್ದವರು ರದ್ದಿಗೆ ಹಾಕುವ ಮೊದಲು ಪುಟಗಳ ಪ್ರತಿ ತೆಗೆದು ವಸ್ತುಸಂಗ್ರಹಾಲಯಕ್ಕೆ ಕೊಡಲಿ. ತಮ್ಮ ಪತ್ರಿಕೆಯೂ ಬರುವ ಅಕ್ಟೋಬರ್ 27ರ ಪುಟದಲ್ಲಿ ಇವರಿಗೆ ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ವಿಮಾನಪುರದ ಓದುಗ, ಬೆಂಗಳೂರು